ಕಂಡುಬಂದಿಲ್ಲ ಎಂದರೆ ಇಲ್ಲ ಎಂದಲ್ಲ

ನಾನು ಒಂದು ಬಿಳಿಯ ರಕ್ತಕಣ. ಬಿಳಿಯ ಎನ್ನುವುದೂ ದೊಡ್ಡ ಮಾತೇ. ನಿಜ ಹೇಳಬೇಕೆಂದರೆ ನನಗೆ ಬಣ್ಣವೇ ಇಲ್ಲ. ಕೆಂಪು ಕಣಗಳ ನೂಕುನುಗ್ಗಲಿನಲ್ಲಿ ನಮ್ಮನ್ನು ಗುರುತಿಸಲು ಯಾರೋ ಇಟ್ಟ ಹೆಸರು ಅದು. ಡಾಕ್ಟರರು ನನ್ನನ್ನು ಟಿ ಕಣ ಎನ್ನುತ್ತಾರೆ, ಅದರಲ್ಲೂ ಸಿಡಿ ಫೋರ್ ಪಂಗಡ. ನನ್ನ ಮೈಮೇಲೆ ಆ ಹೆಸರಿನ ಒಂದು ಚಿಲಕವಿದೆ. ಆ ಚಿಲಕವೇ ನನ್ನ ಬಾಳನ್ನು ಹಾಳು ಮಾಡಿತು. ಅದನ್ನು ಈಗಲೇ ಹೇಳಲು ಹೊರಟರೆ ಸಿಟ್ಟು ನೆತ್ತಿಗೇರಿ ಕಥೆ ದಾರಿ ತಪ್ಪುತ್ತದೆ, ಆಮೇಲೆ ಹೇಳುತ್ತೇನೆ.

ನಾನು ಹುಟ್ಟಿದ್ದು ಪರಪ್ಪ ಜಾಲಿಹಾಳ ಎಂಬವನ ತೊಡೆಯ ಮೂಳೆಯೊಳಗಿನ ಮಜ್ಜೆಯಲ್ಲಿ. ಆಗ ಪರಪ್ಪನಿಗೆ ಐದು ವರ್ಷ. ಹುಟ್ಟಿದ ಕೂಡಲೇ ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಗೆ ನಮ್ಮನ್ನು ಶಾಲೆಗೆ ಕಳಿಸಿದರು. ಅಲ್ಲಿ ಕೇಳುವುದು ಎರಡೇ ಪ್ರಶ್ನೆ: ನಮ್ಮವರು ಯಾರು ಗೊತ್ತೇ? ನಮ್ಮವರ ಮೇಲೆಯೇ ಹರಿಹಾಯುತ್ತೀಯಾ? ನೂರು ಜನ ಸೇರಿದರೆ ಮೂರೋ ನಾಲ್ಕೋ ಪಾಸಾಗುತ್ತಾರೆ. ಉಳಿದವರನ್ನು ಮನೆಗೆ ಕಳಿಸುವುದಿಲ್ಲ, ಅಲ್ಲಿಯೇ ಮುಗಿಸುತ್ತಾರೆ. ಅಷ್ಟು ಕಟ್ಟುನಿಟ್ಟಿನ ಶಾಲೆಯಿಂದ ಪಾಸಾಗಿ ಬಂದ ಕಣ ನಾನು. ಕೊನೆಗೆ ಯಾರ ಚಾಕರಿಗೆ ಬಿದ್ದೆ ನೋಡಿ.

ನಮ್ಮ ಪಂಗಡ ಹೊಡೆದಾಡುವುದಿಲ್ಲ. ರೋಗದ ಮುಖ ಗುರುತಿಸಿ ಕೂಗುವುದು, ಹೊಡೆಯುವವರನ್ನು ಕರೆಯುವುದು, ಮದ್ದು ಅರೆಯುವವರಿಗೆ ಎಷ್ಟು ಅರೆಯಬೇಕೆಂದು ಹೇಳುವುದು, ಇಷ್ಟೇ ನಮ್ಮ ಕೆಲಸ. ನಾವು ಬಾಯಿ ಮುಚ್ಚಿದರೆ ಇಡೀ ಪಡೆಗೆ ಏನು ಮಾಡಬೇಕೆಂದು ತಿಳಿಯದು. ಪರಪ್ಪನಿಗೆ ಏಳು ವರ್ಷವಾದಾಗ ದಡಾರ ಬಂತು. ಅದರ ಮುಖ ಗುರುತಿಸುವ ಕಣ ನಾನೇ ಆಗಿದ್ದೆ. ಕೂಗಿದೆ, ಎಲ್ಲರೂ ಎದ್ದರು, ಹತ್ತು ದಿನದಲ್ಲಿ ಹುಡುಗ ಎದ್ದು ಕುಳಿತ. ಕೆಲಸ ಮುಗಿದ ಮೇಲೆ ಹೆಚ್ಚಿನವರು ಸತ್ತರು. ಆ ಮುಖವನ್ನು ನೆನಪಿಟ್ಟುಕೊಂಡಿರಲೆಂದು ಕೆಲವರನ್ನು ಉಳಿಸಿದರು. ಆ ನೆನಪಿನ ಕಣಗಳಲ್ಲಿ ನಾನೂ ಒಂದು.

ಅಂದಿನಿಂದ ಪರಪ್ಪನ ಕಿವಿಯ ಕೆಳಗೆ, ಕುತ್ತಿಗೆಯ ಒಂದು ದುಗ್ಧರಸದ ಗಂಟಿನಲ್ಲಿ ನನ್ನ ಬಿಡಾರ. ಆಗಾಗ ಎದ್ದು ರಕ್ತದಲ್ಲಿ ಒಂದು ಸುತ್ತು ಹಾಕಿ ಬರುವುದು, ಮತ್ತೆ ಮಲಗುವುದು. ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ನಾನು ಸೀಳಿ ಎರಡಾಗುತ್ತೇನೆ. ಹಾಗಾದರೆ ಕಥೆ ಹೇಳುತ್ತಿರುವುದು ಯಾವ ನಾನು ಎಂದು ಕೇಳಬೇಡಿ, ತಲೆ ಚಚ್ಚಿಕೊಳ್ಳೋಣವೆಂದರೆ ನನಗೆ ತಲೆಯೂ ಇಲ್ಲ. ಗಂಟಲು ಪಕ್ಕದಲ್ಲೇ ಇದ್ದದ್ದರಿಂದ ಪರಪ್ಪ ಆಡಿದ ಮಾತು, ಕೇಳಿಸಿಕೊಂಡ ಮಾತು ಎರಡೂ ನನಗೆ ಕೇಳುತ್ತಿದ್ದವು. ಕೇಳದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ.

ಪರಪ್ಪ ಬೆಳೆದು ಬೆಟಗೇರಿಯ ಒಂದು ಛಾಪಖಾನೆಯಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿದ. ಪಂಚಾಂಗ, ಕ್ಯಾಲೆಂಡರು, ಪರೀಕ್ಷೆಯ ಗೈಡು, ಲಗ್ನಪತ್ರಿಕೆ, ಎಲ್ಲವೂ ಅವನ ಕೆಂಪು ಪೆನ್ನಿನ ಕೆಳಗೆ ಹಾದು ಹೋಗಬೇಕು. ಒಂದು ಒತ್ತಕ್ಷರ ಬಿಟ್ಟುಹೋದರೆ ಅವನಿಗೆ ಊಟ ಸೇರದು. ನೆಂಟರ ಮದುವೆಗೆ ಹೋದರೆ ಮೊದಲು ಬಾಗಿಲಿಗೆ ಹಚ್ಚಿದ ಫಲಕದ ತಪ್ಪು ತಿದ್ದಿ, ಆಮೇಲೆ ಅಕ್ಷತೆ ಹಾಕುವವನು. ತನ್ನ ಮದುವೆಯ ಪತ್ರಿಕೆಯಲ್ಲಿ ಸೋದರಮಾವನ ಹೆಸರಿನ ದೀರ್ಘ ತಪ್ಪಿತ್ತೆಂದು ಹಂಚಿದ ಪತ್ರಿಕೆಗಳನ್ನು ಮನೆಮನೆಗೆ ಹೋಗಿ ವಾಪಸು ತಂದಿದ್ದ. ಅಂಥ ಮನುಷ್ಯನ ಮೈಯಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ತಪ್ಪು ಬರೆಯುವ ಬರಹಗಾರ ಬಂದು ಕೂತ.

ಅವನೇ ಎಚ್‌ಐವಿ.

ಎಲ್ಲಿಂದ ಬಂದ, ಯಾರಿಂದ ಬಂದ ಎಂದು ನನ್ನನ್ನು ಕೇಳಬೇಡಿ. ಮನುಷ್ಯರು ಮೊದಲು ಕೇಳುವುದೇ ಅದನ್ನು, ಅದರಿಂದ ಯಾವ ಕಣಕ್ಕೂ ಉಪಕಾರವಾದದ್ದು ನಾನು ಕಂಡಿಲ್ಲ. ಆಗ ಪರಪ್ಪನಿಗೆ ಇಪ್ಪತ್ತನಾಲ್ಕು, ಇನ್ನೂ ಮದುವೆಯಾಗಿರಲಿಲ್ಲ. ಆ ಸಲ ಓಣಿಯ ಮಕ್ಕಳಿಗೆ ದಡಾರ ಎದ್ದು, ಅದರ ಸುಳಿವು ಪರಪ್ಪನ ಮೂಗಿಗೂ ಬಂದು, ನಾನು ಎದ್ದು ನಾಲ್ಕು ಕೂಗು ಹಾಕಿ, ಕೆಲಸ ಮುಗಿಸಿ ಮತ್ತೆ ಮಲಗಲು ಹೊರಟಿದ್ದೆ. ಕಣ್ಣು ಮುಚ್ಚುವ ಹೊತ್ತಿಗೆ ಸರಿಯಾಗಿ ಈ ಆಸಾಮಿ ಬಂದ.

ಕಳ್ಳ ಬಾಗಿಲು ಒಡೆದು ಬಂದಿದ್ದರೆ ನನಗೆ ಇಷ್ಟು ಬೇಜಾರಿರುತ್ತಿರಲಿಲ್ಲ. ಅವನು ನನ್ನ ಚಿಲಕ ಹಿಡಿದ. ರೋಗ ಗುರುತಿಸಲೆಂದು ಕೊಟ್ಟ ಅದೇ ಚಿಲಕ. ಅದು ತಿರುಗಿದ ಕೂಡಲೇ ಪಕ್ಕದ ಇನ್ನೊಂದು ಕೊಂಡಿಗೆ ಕೈ ಹಾಕಿದ. ಎರಡೂ ಸಿಕ್ಕಮೇಲೆ ತನ್ನ ಗೋಡೆಯನ್ನು ನನ್ನ ಗೋಡೆಗೆ ಬೆಸೆದು, ಮಳೆನೀರು ಮಡುವಿಗೆ ಇಳಿದಂತೆ ಸದ್ದಿಲ್ಲದೆ ಒಳಗಿಳಿದ. ಅವನ ಗಂಟುಮೂಟೆ ನೋಡಿದರೆ ನಗು ಬರಬೇಕು: ಬರೀ ಒಂಬತ್ತು ಸಾಲಿನ ಒಂದು ಚೀಟಿ, ಎರಡು ಮೂರು ಉಪಕರಣ. ನನ್ನ ಹತ್ತಿರ ಇರುವುದು ಸಾವಿರಾರು ಪುಟದ ದೊಡ್ಡ ಪುಸ್ತಕ, ಪರಪ್ಪನ ಇಡೀ ಮೈ ಅದನ್ನು ಓದಿಯೇ ನಡೆಯುತ್ತದೆ. ಒಂಬತ್ತು ಸಾಲಿನವನು ಸಾವಿರ ಪುಟದವನನ್ನು ಆಳುತ್ತಾನೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ನಮ್ಮಲ್ಲಿ ಪದ್ಧತಿ ಒಂದಿದೆ. ಪುಸ್ತಕ ನೋಡಿ ಚೀಟಿ ಬರೆಯುತ್ತೇವೆ, ಚೀಟಿ ನೋಡಿ ಕೆಲಸ ಮಾಡುತ್ತೇವೆ. ಈ ಆಸಾಮಿ ಎಲ್ಲ ತಿರುವುಮುರುವು. ತನ್ನ ಚೀಟಿಯನ್ನು ನೋಡಿ ಪುಸ್ತಕದ ಹಾಳೆ ಬರೆಯಲು ಕೂತ, ಅದೂ ನನ್ನದೇ ಸಾಮಾನು ಬಳಸಿ! ಬರೆದದ್ದಾದರೂ ನೆಟ್ಟಗಿದೆಯೇ? ಒಂದು ಕಡೆ ಅಕ್ಷರ ಬಿಟ್ಟ, ಇನ್ನೊಂದು ಕಡೆ ಬೇರೆಯದನ್ನು ಹಾಕಿದ, ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ತಿದ್ದುವ ಪದ್ಧತಿಯೇ ಅವನಿಗಿಲ್ಲ. ತಪ್ಪಿನಿಂದ ಅವನಿಗೆ ನಷ್ಟವೂ ಇಲ್ಲ. ಪ್ರತಿ ತಪ್ಪಿಗೂ ಅವನ ಮಕ್ಕಳ ಮುಖ ಒಂದಿಷ್ಟು ಬದಲಾಗುತ್ತದೆ, ನಮ್ಮವರು ಒಂದು ಮುಖ ಕಲಿತು ಹೊಡೆಯಲು ಹೊರಡುವಷ್ಟರಲ್ಲಿ ಇನ್ನೊಂದು ಮುಖ ಹೊತ್ತು ನಿಂತಿರುತ್ತಾರೆ. ಹೊರಗೆ ಪರಪ್ಪ ಕನ್ನಡಕ ಏರಿಸಿಕೊಂಡು ಪಂಚಾಂಗದ ಒಂದು ಅನುಸ್ವಾರಕ್ಕಾಗಿ ಅಚ್ಚಿನ ಮೊಳೆ ಜೋಡಿಸುವವರೊಂದಿಗೆ ಜಗಳವಾಡುತ್ತಿದ್ದ.

ಬರೆದ ಹಾಳೆಯನ್ನು ತೆಗೆದುಕೊಂಡು ಆ ಆಸಾಮಿ ನೇರ ನನ್ನ ಪುಸ್ತಕದ ಕೋಣೆಗೆ ಹೋದ. ಒಂದು ಪುಟವನ್ನು ನಡುವೆ ಕತ್ತರಿಸಿ, ತನ್ನದನ್ನು ಅಂಟಿಸಿ ಹೊಲಿದ. ಅಲ್ಲಿಗೆ ಅವನು ಬೇರೆ ನಾನು ಬೇರೆ ಎಂಬುದು ಮುಗಿಯಿತು. ನನ್ನ ಪುಸ್ತಕವನ್ನು ನಾನು ಓದಿದರೆ ಅವನನ್ನೂ ಓದಬೇಕು. ನಾನು ಸೀಳಿ ಎರಡಾದರೆ ಅವನೂ ಎರಡಾಗುತ್ತಾನೆ. ಉಂಡ ಮನೆಗೆ ಎರಡು ಬಗೆಯುವವರ ಮಾತು ಕೇಳಿದ್ದೆ. ಇವನು ಉಂಡ ಮನೆಯ ತೊಲೆಯಾಗಿಯೇ ಕೂತುಬಿಟ್ಟ.

ಎಚ್ಚರವಿದ್ದ ನನ್ನ ಜೊತೆಗಾರರ ಪಾಡು ನಾಯಿಪಾಡಾಯಿತು. ಅವರೊಳಗೆ ಹೊಕ್ಕವನು ಕೂಡಲೇ ಹೊಲಿದ ಪುಟ ತೆರೆದು, ಹಗಲೂ ರಾತ್ರಿ ತನ್ನ ಪ್ರತಿಗಳನ್ನು ತೆಗೆಸಿದ. ಕಾಯಲೆಂದು ಇಟ್ಟ ಕಣಗಳೇ ಕಳ್ಳರನ್ನು ಹೆತ್ತು ಹೊರಗೆ ಬಿಟ್ಟವು, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಒಂದೆರಡು ದಿನಕ್ಕೆ ಬಸವಳಿದು ಸತ್ತವು. ಇನ್ನು ಕೆಲವರಲ್ಲಿ ಅವನ ಬರಹ ಅರ್ಧಕ್ಕೇ ನಿಂತಿತು. ಆ ಅರೆಬರೆ ಕಾಗದ ಕಂಡು ಗಾಬರಿಯಾಗಿ ಅವು ತಮಗೆ ತಾವೇ ಬೆಂಕಿ ಹಚ್ಚಿಕೊಂಡವು. ಒಂದರ ಬೆಂಕಿ ನೋಡಲು ಬಂದ ಇನ್ನೊಂದನ್ನು ಅವನು ಹಿಡಿದ. ನನ್ನನ್ನು ಉಳಿಸಿದ್ದು ನನ್ನ ಜಾಣತನವಲ್ಲ, ನಿದ್ದೆ. ನಾನು ಮಲಗಿದೆ. ಪುಸ್ತಕ ಮುಚ್ಚಿತು, ಒಳಗೆ ಅವನೂ ಮಲಗಿದ.

ಪರಪ್ಪನಿಗೆ ಒಂದು ವಾರ ಜ್ವರ ಬಂತು, ಹೋಯಿತು. ಅಷ್ಟೇ ಎಂದುಕೊಂಡ. ಆಮೇಲೆ ಐದಾರು ವರ್ಷ ಹೊರಗಿನಿಂದ ಏನೂ ಕಾಣಲಿಲ್ಲ. ಒಳಗೆ ದಿನವೂ ನಮ್ಮವರು ಸಾಯುವುದು, ಮಜ್ಜೆ ಮತ್ತಷ್ಟು ಜನರನ್ನು ಕಳಿಸುವುದು, ಅವರೂ ಸಾಯುವುದು. ನಡುವೆ ನೀಲವ್ವನೊಂದಿಗೆ ಮದುವೆಯಾಯಿತು. ನೀಲವ್ವ ಅದೇ ಛಾಪಖಾನೆಯಲ್ಲಿ ಫಾರಂ, ಅಂದರೆ ಅಚ್ಚಾದ ದೊಡ್ಡ ಹಾಳೆ, ಮಡಚಿ ಹೊಲಿಯುವ ಬೈಂಡಿಂಗಿನ ಹೆಣ್ಣುಮಗಳು. ಮದುವೆಯಾಗಿ ಐದು ತಿಂಗಳಿಗೆ ಪರಪ್ಪನ ಬಾಯಲ್ಲಿ ಬೆಳ್ಳಗೆ ಕಿಟ್ಟ ಕಟ್ಟಿತು, ಅಂಗಿ ಜೋತಾಡತೊಡಗಿತು. ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಸಾವಿರದ ಹತ್ತಿರ ಇರಬೇಕಾದ ನಮ್ಮ ಎಣಿಕೆ ಇನ್ನೂರ ನಲವತ್ತಕ್ಕೆ ಇಳಿದಿತ್ತು. ನೀಲವ್ವನ ರಕ್ತ ನೋಡಿದರು, ಅವಳಿಗೆ ತಗುಲಿರಲಿಲ್ಲ.

ಅಂದು ಅವಳ ತಮ್ಮ ಬಂದು ಕರೆದುಕೊಂಡು ಹೋಗುತ್ತೇನೆಂದು ನಿಂತ. ಪರಪ್ಪ ಗೋಡೆಗೆ ಮುಖ ಮಾಡಿ ಕುಳಿತಿದ್ದ.

“ನೀ ಊಟಾ ಮಾಡಿ ಹೋಗಪಾ,” ಎಂದಳು ನೀಲವ್ವ ತಮ್ಮನಿಗೆ. “ನಾ ಬರೂದಿಲ್ಲ. ಗುಳಿಗಿ ತಗೊಂಡ್ರ ಎಲ್ಲಾರಂಗ ಬಾಳ್ವಿ ಮಾಡಬಹುದು ಅಂತ ಆ ಬಾಯಿ ಹೇಳ್ಯಾರ. ಇವರು ನನಗ ಮುಚ್ಚಿಟ್ಟು ಲಗ್ನಾ ಆಗಿಲ್ಲ, ಇವರಿಗೂ ಗೊತ್ತಿರಲಿಲ್ಲ.”

ಆ ಬಾಯಿ ಎಂದರೆ ಆಸ್ಪತ್ರೆಯ ಎಚ್‌ಐವಿ ಕೇಂದ್ರದಲ್ಲಿ ರೋಗಿಗಳಿಗೆ ತಿಳಿಹೇಳುವ ಅಕ್ಕ ಮೆಹರುನ್ನಿಸಾ ನದಾಫ್. ದಿನಕ್ಕೊಂದು ಗುಳಿಗೆ, ಊಟವಾದ ಮೇಲೆ, ಒಂದು ದಿನವೂ ತಪ್ಪಿಸುವಂತಿಲ್ಲ ಎಂದು ಹೇಳಿ ಡಬ್ಬಿ ಕೊಟ್ಟರು. ಮೊದಲ ಗುಳಿಗೆ ರಕ್ತಕ್ಕೆ ಇಳಿದ ದಿನ ನನಗೆ ಇನ್ನೂ ನೆನಪಿದೆ. ಹೊಸ ಕಣಕ್ಕೆ ಹೊಕ್ಕ ಕಳ್ಳ ಚೀಟಿ ಬಿಚ್ಚಿ ಬರೆಯಲು ಕೂತರೆ ಅವನ ಕೈಗೆ ಸುಳ್ಳು ಅಕ್ಷರ ಸಿಗುತ್ತಿತ್ತು, ಬರಹ ಅಲ್ಲೇ ಕಡಿದು ಬೀಳುತ್ತಿತ್ತು. ಹೇಗೋ ಬರೆದು ಮುಗಿಸಿದವನಿಗೆ ಪುಸ್ತಕಕ್ಕೆ ಹೊಲಿಯುವ ಸೂಜಿ ಮುರಿದಿರುತ್ತಿತ್ತು. ಕೆಲವೇ ತಿಂಗಳಲ್ಲಿ ರಕ್ತ ತಿಳಿಯಾಯಿತು, ನಮ್ಮ ಎಣಿಕೆ ಏರಿತು. ಪರಪ್ಪನ ಅಂಗಿಗೆ ಮೈ ಬಂತು.

ಆದರೆ ನನ್ನಂಥ ಮಲಗಿದ ಕಣಗಳೊಳಗೆ ಹೊಲಿದು ಮುಗಿದ ಪುಟಗಳಿದ್ದವಲ್ಲ, ಅವುಗಳ ಗೊಡವೆಗೆ ಗುಳಿಗೆ ಬರಲಿಲ್ಲ, ಬರುವುದೂ ಇಲ್ಲ. ಅದು ಬರೆಯುವವನ ಕೈ ಹಿಡಿಯಬಲ್ಲದು, ಬರೆದು ಹೊಲಿದದ್ದನ್ನು ಕೀಳಲಾರದು. ನಾವು ಒಟ್ಟು ಎಷ್ಟು ಜನ? ಹತ್ತು ಲಕ್ಷಕ್ಕೆ ಒಂದೋ ಎರಡೋ. ಅಷ್ಟೇ ಸಾಕು. ಕುತ್ತಿಗೆಯಲ್ಲಿ, ಕಂಕುಳಲ್ಲಿ, ಕರುಳಿನ ಪಕ್ಕದ ಗಂಟುಗಳಲ್ಲಿ ನಾವು ಮಲಗಿದ್ದೆವು. ಪರಪ್ಪ ಗುಳಿಗೆ ನುಂಗುತ್ತಿದ್ದಷ್ಟು ದಿನ ನಮ್ಮಲ್ಲಿ ಯಾರಾದರೂ ಎದ್ದು ನಾಲ್ಕು ಕಳ್ಳರನ್ನು ಹೊರಗೆ ಬಿಟ್ಟರೂ ಅವರು ದಾರಿಯಲ್ಲೇ ಸಾಯುತ್ತಿದ್ದರು. ಒಟ್ಟಿನಲ್ಲಿ ಬಾಳುವೆ ನಡೆದಿತ್ತು, ನನಗೂ ದೂರು ಇರಲಿಲ್ಲ.

ಒಂದು ದಿನ ರಿಪೋರ್ಟ್ ಬಂತು. ವೈರಸ್ ಕಂಡುಬಂದಿಲ್ಲ ಎಂದು ಬರೆದಿತ್ತು. ಆರು ತಿಂಗಳ ನಂತರ ಇನ್ನೊಂದು ಬಂತು. ಅದರಲ್ಲೂ ಕಂಡುಬಂದಿಲ್ಲ. ಮೆಹರುನ್ನಿಸಾ ಬಾಯಿಗೆ ಸಂತೋಷವೋ ಸಂತೋಷ.

“ಭಾಳ ಛಲೋ ಆತು ನೋಡ್ರಿ ಪರಪ್ಪಾರ. ಹಿಂಗ ಗುಳಿಗಿ ಬಿಡದ ತಗೋತ ಹೋದ್ರ ನಿಮ್ಮಿಂದ ನೀಲವ್ವಗ ತಗಲೂದಿಲ್ಲ. ಕೂಸಿನ ವಿಚಾರ ಇದ್ರ ಈಗ ಮಾಡಬಹುದು.”

ಇದರಲ್ಲಿ ‘ಗುಳಿಗಿ ಬಿಡದ’ ಎಂಬುದೂ ಇತ್ತು. ನನಗೆ ಕೇಳಿಸಿತು. ನನಗಿಂತ ಕಿವಿಗೆ ಹತ್ತಿರವಿದ್ದ ಪರಪ್ಪನ ಮೆದುಳಿಗೆ ಯಾಕೆ ಕೇಳಿಸಲಿಲ್ಲವೋ ದೇವರೇ ಬಲ್ಲ.

ಛಾಪಖಾನೆಯಲ್ಲಿ ಒಂದು ರೂಢಿಯಿದೆ. ಪ್ರೂಫ್ ತೆಗೆದು ತಿದ್ದುವುದು, ತಿದ್ದಿದ ಮೇಲೆ ಮತ್ತೆ ಪ್ರೂಫ್ ತೆಗೆಯುವುದು. ಒಂದರ ಹಿಂದೆ ಒಂದು ಎರಡು ಪ್ರೂಫ್ ತಪ್ಪಿಲ್ಲದೆ ಬಂದರೆ ಮೂಲೆಯಲ್ಲಿ ‘ಅಚ್ಚಿಗೆ ಸರಿ’ ಎಂದು ಬರೆದು ಸಹಿ ಹಾಕುತ್ತಾರೆ. ಆಮೇಲೆ ಅದನ್ನು ಯಾರೂ ನೋಡುವುದಿಲ್ಲ. ಹನ್ನೆರಡು ವರ್ಷದಿಂದ ಪರಪ್ಪ ಅದನ್ನೇ ಮಾಡಿಕೊಂಡು ಬಂದಿದ್ದ. ಎರಡು ರಿಪೋರ್ಟುಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ಎರಡು ಸಲ ಓದಿದ. ಕಿವಿಗೆ ಸಿಕ್ಕಿಸಿದ್ದ ಕೆಂಪು ಪೆನ್ನು ತೆಗೆದು ಎರಡನೆಯದರ ಮೂಲೆಯಲ್ಲಿ ‘ಅಚ್ಚಿಗೆ ಸರಿ’ ಎಂದು ಬರೆದು, ಕೆಳಗೆ ಸಹಿ ಹಾಕಿ, ತಾರೀಖನ್ನೂ ಹಾಕಿದ. ಅಂದಿನಿಂದ ಗುಳಿಗೆ ಬಿಟ್ಟ.

ನಾನು ಇಲ್ಲಿ ಕುತ್ತಿಗೆಯಲ್ಲಿ, ಒಡಲಲ್ಲಿ ಕಳ್ಳನ ಪುಟ ಹೊತ್ತುಕೊಂಡು ಮಲಗಿದ್ದೇನೆ! ಅಯ್ಯೋ ಪುಣ್ಯಾತ್ಮ, ಅವರು ನೋಡಿದ್ದು ರಕ್ತವನ್ನು, ನನ್ನನ್ನಲ್ಲ! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರಲ್ಲ, ಇವನು ನಡುಹೊಳೆಯಲ್ಲಿ ನಿಂತು ಅಂಬಿಗನಿಗೆ ಕೈಮುಗಿದ. ನೀಲವ್ವ ಕೇಳಿದರೆ ಛಾಪಖಾನೆಯಲ್ಲೇ ತೆಗೆದುಕೊಳ್ಳುತ್ತೇನೆ ಎಂದು ಸುಳ್ಳು ಹೇಳಿದ. ಅವನ ಪ್ರಕಾರ ಅದು ಸುಳ್ಳೂ ಅಲ್ಲ, ಮುಗಿದ ಕೆಲಸದ ಬಗ್ಗೆ ಹೆಂಗಸರಿಗೆ ಯಾಕೆ ತಲೆನೋವು ಎಂಬ ದೊಡ್ಡತನ. ಕೂಸಿನ ಆಸೆ ಇಬ್ಬರಿಗೂ ಇತ್ತು. ಅವಳು ಗುಳಿಗೆಯನ್ನು ನಂಬಿ ಅವನ ಬಳಿ ಬಂದಳು. ನನಗೆ ಹೆದರಿಕೆಯಾದದ್ದು ಅಲ್ಲಿ. ಅವನದು ಅವನ ತಪ್ಪು, ಉಣ್ಣಲಿ. ಅವಳು ಏನು ಮಾಡಿದ್ದಳು?

ಹತ್ತು ದಿನ ಏನೂ ಆಗಲಿಲ್ಲ. ಹದಿನೈದನೆಯ ದಿನ ಕರುಳ ಪಕ್ಕದ ಗಂಟಿನಲ್ಲಿ ನನ್ನಂಥದೇ ಒಂದು ಕಣ ಯಾವುದೋ ಹೊಟ್ಟೆನೋವಿನ ಕೂಗಿಗೆ ಓಗೊಟ್ಟು ಎದ್ದಿತು. ಏಳುವುದು ನಮ್ಮ ಧರ್ಮ, ಅದನ್ನು ಬೈಯಲಾರೆ. ಅದು ಪುಸ್ತಕ ತೆರೆಯಿತು, ಒಳಗಿದ್ದವನೂ ತೆರೆದುಕೊಂಡ. ಅಂದು ಸಂಜೆಗೆ ಸಾವಿರ, ಎರಡು ದಿನಕ್ಕೆ ಲಕ್ಷ. ಈ ಸಲ ಅವರ ಕೈ ಹಿಡಿಯುವವರು ಯಾರೂ ಇರಲಿಲ್ಲ. ನನ್ನ ಬಾಗಿಲಿಗೂ ನಾಲ್ಕಾರು ಜನ ಬಂದು ಚಿಲಕ ಅಲುಗಾಡಿಸಿ, ಮಲಗಿದವರ ಮನೆಯಲ್ಲಿ ತಮಗೇನು ಗಿಟ್ಟೀತು ಎಂದು ಮುಂದೆ ಹೋದರು. ನಾನು ಮಿಸುಕಲಿಲ್ಲ. ದಡಾರ ಬರದಿರಲಪ್ಪಾ, ಈಗ ನನ್ನನ್ನು ಯಾರೂ ಕರೆಯದಿರಲಪ್ಪಾ ಎಂದು ಬೇಡಿಕೊಂಡೆ. ಕಾವಲಿಗಿದ್ದ ಕಣ ತನ್ನನ್ನು ಕರೆಯಬೇಡಿರೆಂದು ಬೇಡುವ ಗತಿ ಯಾವ ಶತ್ರುವಿಗೂ ಬೇಡ.

ಪರಪ್ಪನಿಗೆ ಮೈಕೈ ನೋವು, ಜ್ವರ. ಕಾಗದದ ಧೂಳು ಎಂದ. ಅದು ಇಳಿಯಿತು. ಹೀಗೆ ಗುಳಿಗೆ ಬಿಟ್ಟು ಮೂರು ತಿಂಗಳಾಯಿತು. ಗುಳಿಗೆ ಒಯ್ಯಲು ಬರಲಿಲ್ಲವೆಂದು ಕೇಂದ್ರದಿಂದ ಫೋನ್ ಬಂತು, ಅದನ್ನು ಎತ್ತಿದವಳು ನೀಲವ್ವ. ಮರುದಿನ ಅವನನ್ನು ಮುಂದೆ ಹಾಕಿಕೊಂಡು ಹೊರಟಳು.

ಮೆಹರುನ್ನಿಸಾ ಕೇಳಿದರೆ ಪರಪ್ಪ ಜೇಬಿನಿಂದ ರಿಪೋರ್ಟ್ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟ. ಆ ಬಾಯಿ ಮೂಲೆಯ ಕೆಂಪು ಅಕ್ಷರದ ಮೇಲೆ ಬೆರಳಿಟ್ಟರು.

“ಇದೇನ್ರಿ ಇದು?”

“ಎರಡ ಸಲ ತಪ್ಪಿಲ್ಲದ ಬಂದೈತಲ್ರೀ. ಮುಗೀತು. ನೀವ ಅದರಾಗ ಕಂಡಿಲ್ಲ ಅಂತ ಬರದೀರಿ.”

“ರಕ್ತದಾಗ ಕಂಡಿಲ್ಲ ಅಂತ ಬರದೀವಿ. ಒಳಗ ಅಡಗಿ ಕುಂತಿರ್ತಾವು. ನಾ ನಿಮಗ ಹತ್ತ ಸಲ ಹೇಳಿಲ್ಲೇನು?”

“ಕಾಣಲಿಲ್ಲ ಅಂದಮ್ಯಾಲ ಐತಿ ಅಂತ ಹೆಂಗ ನಂಬೂದ್ರಿ? ಕಾಣದ ತಪ್ಪು ತಿದ್ದಂದ್ರ ನಾ ಏನ ತಿದ್ದಲಿ?”

ಆ ಬಾಯಿ ಅರ್ಧ ಗಂಟೆ ಹೇಳಿದರು. ಬೀಜದ ಹೋಲಿಕೆ ಕೊಟ್ಟರು, ಬೂದಿಯೊಳಗಿನ ಕೆಂಡ ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವನು ‘ಹೌದ್ರಿ, ಹೌದ್ರಿ’ ಎಂದ. ಆ ಹೌದಿನಲ್ಲಿ ಒಪ್ಪಿಗೆ ಇಲ್ಲವೆಂದು ಗಂಟಲ ಪಕ್ಕದಲ್ಲಿದ್ದ ನನಗೆ ಗೊತ್ತು.

ಅಷ್ಟು ಹೊತ್ತು ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಕುಳಿತಿದ್ದ ನೀಲವ್ವ ಬಾಯಿ ತೆರೆದಳು.

“ಛಾಪಖಾನಿ ಮೂಲ್ಯಾಗಿನ ಟ್ರೆಡಲ್ ಮಿಷನ್ ಪಕ್ಕ ಸೊಸಾಯಿಟಿ ಪಾವತಿ ಪುಸ್ತಕದ ಮೊಳಿ ಕಟ್ಟಿ ಇಟ್ಟೀರಿ. ಹೌದಲ್ಲೋ?”

“ಹೌದು. ವರ್ಷಾ ವರ್ಷಾ ಬೇಕಾಗತೈತಿ ಅಂತ ದಾರಾ ಸುತ್ತಿ ಇಟ್ಟೇವಿ. ಅದ್ಯಾಕ ಈಗ?”

“ಅದನ್ನ ಮಿಷನ್ನಿಗೆ ಏರಿಸಿ, ಮಸಿ ಹಚ್ಚದ ಹಾಳಿ ಒತ್ತಿದ್ರ ಏನ್ ಮೂಡತೈತಿ?”

“ಏನೂ ಮೂಡೂದಿಲ್ಲ. ಖಾಲಿ ಹಾಳಿ ಬರತೈತಿ.”

“ಆ ಖಾಲಿ ಹಾಳಿ ನೋಡಿ, ಮೊಳಿ ಇಲ್ಲ ಅಂತ ಸಹಿ ಹಾಕತೀರೇನು?”

ಪರಪ್ಪ ರಿಪೋರ್ಟನ್ನು ತನ್ನ ಕಡೆ ಎಳೆದುಕೊಂಡು, ಮೂಲೆಯ ಸಹಿಯನ್ನು ಬೆರಳಿನಿಂದ ಮುಚ್ಚಿದ. ನನಗೆ ಕುಣಿಯಬೇಕೆನಿಸಿತು. ಇಪ್ಪತ್ತು ಡಾಕ್ಟರರು ಹೇಳಲಾರದ್ದನ್ನು ಫಾರಂ ಮಡಚುವ ಹೆಣ್ಣುಮಗಳು ಹೇಳಿಬಿಟ್ಟಳು! ಹೌದು, ನಾನೇ ಆ ಕಟ್ಟಿಟ್ಟ ಮೊಳೆ. ಗುಳಿಗೆ ಇರುವಷ್ಟು ದಿನ ನಮಗೆ ಮಸಿ ಇಲ್ಲ.

ಆದರೆ ನೀಲವ್ವ ಇನ್ನೂ ಮುಗಿಸಿರಲಿಲ್ಲ.

“ನೀವ ಗುಳಿಗಿ ಬಿಟ್ಟಿದ್ದ ನನಗ ಹೇಳಲಿಲ್ಲ. ಅದನ್ನ ಆಮ್ಯಾಲ ನೋಡೂಣು. ನನಗ ಮುಟ್ಟು ನಿಂತು ಎರಡ ತಿಂಗಳಾತು. ಇವತ್ತ ಸಂಜೀಕ ಹೇಳಬೇಕಂತ ಮಾಡಿದ್ದೆ. ಈಗ ಈ ಕೂಸಿಂದೂ ನಂದೂ ಏನಾತು ಅಂತ ನೀವ ಹೇಳ್ರಿ.”

ಅವಳು ಅಳಲಿಲ್ಲ. ಅತ್ತವನು ಪರಪ್ಪ. ಅವನ ಎದೆ ಹೊಡೆದುಕೊಂಡ ರಭಸಕ್ಕೆ ರಕ್ತದಲ್ಲಿದ್ದವರೆಲ್ಲ ದಿಕ್ಕಾಪಾಲಾದರು. ಮೆಹರುನ್ನಿಸಾ ಬಾಯಿ ಗುಳಿಗೆಯನ್ನೂ ನೀರನ್ನೂ ಮುಂದಿಟ್ಟರು, ಅಲ್ಲೇ ನುಂಗಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ನಾನು ಗೊಣಗಿದೆ. ಅವನ ಒಂದು ಮಿಲಿಲೀಟರ್ ರಕ್ತದಲ್ಲಿ ಎಂಬತ್ತು ಸಾವಿರ ಕಳ್ಳರಿದ್ದಾರೆಂದು ರಿಪೋರ್ಟ್ ಬಂತು. ಅವಳ ರಕ್ತದಲ್ಲಿ ಕಂಡುಬಂದಿಲ್ಲ ಎಂದು ಬಂತು. ಅದನ್ನು ಕಂಡು ಯಾರೂ ನಗಲಿಲ್ಲ. ಹೊಸದಾಗಿ ಹೊಕ್ಕಿದ್ದರೆ ಪರೀಕ್ಷೆಗೆ ಸಿಗಲು ವಾರಗಳು ಬೇಕು. ಬಸುರಿಯಲ್ಲಿ ಹೊಸದಾಗಿ ಹೊಕ್ಕರೆ ಕೂಸಿಗೂ ದಾಟುವ ಭಯ ಹೆಚ್ಚು. ಆರು ವಾರಕ್ಕೆ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ಮತ್ತೆ ನೋಡಬೇಕು, ಮೂರು ತಿಂಗಳದ್ದೇ ಕೊನೆಯ ಮಾತು ಎಂದರು.

ಆ ಮೂರು ತಿಂಗಳು ಪರಪ್ಪ ಊಟವಾದ ಕೂಡಲೇ ನೀಲವ್ವನ ಎದುರು ನಿಂತು ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದ. ಅವಳು ತೋರಿಸೆಂದು ಕೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ. ಆರು ವಾರದ ರಿಪೋರ್ಟಿನಲ್ಲೂ ಕಂಡುಬಂದಿಲ್ಲ ಎಂದೇ ಇತ್ತು. ಅವನು ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತ. ಅಕ್ಷರ ಸರಿಯಾಗಿದ್ದೂ ನಂಬಲಾಗದ ಕಾಗದವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಛಾಪಖಾನೆಯಲ್ಲಿ ಒಂದು ಕ್ಯಾಲೆಂಡರಿನಲ್ಲಿ ಎರಡು ಮಂಗಳವಾರ ಬಿಟ್ಟುಹೋದವು. ಹನ್ನೆರಡು ವರ್ಷದಲ್ಲಿ ಮೊದಲ ಸಲ.

ನನ್ನ ಸಿಟ್ಟೂ ಆಗ ಒಂದಿಷ್ಟು ಇಳಿಯಿತೆನ್ನಬೇಕು. ಸಿಟ್ಟು ಇಳಿದ ಜಾಗಕ್ಕೆ ಹೆದರಿಕೆ ಬಂತು. ದಿನಕ್ಕೊಮ್ಮೆ ಗುಳಿಗೆ ಇಳಿಯುತ್ತಿತ್ತು, ಕಳ್ಳರು ಸಾಯುತ್ತಿದ್ದರು, ರಕ್ತ ಮತ್ತೆ ತಿಳಿಯಾಗುತ್ತಿತ್ತು. ಆದರೆ ನನಗೆ ಬೇಕಾಗಿದ್ದ ಸುದ್ದಿ ಇನ್ನೊಂದು ಮೈಯಲ್ಲಿತ್ತು. ಅಲ್ಲಿಗೆ ನನಗೆ ದಾರಿಯಿರಲಿಲ್ಲ, ಇರಲೂಬಾರದು.

ಇವತ್ತು ಮೂರು ತಿಂಗಳು ತುಂಬಿತು. ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಬಂದರು. ನಾನು ರೂಢಿಯಂತೆ ಒಂದು ಸುತ್ತಿಗೆಂದು ಗಂಟಿನಿಂದ ಇಳಿದು ರಕ್ತದಲ್ಲಿ ಹೊರಟಿದ್ದೆ, ಮೊಳಕೈ ಹತ್ತಿರ ಬರುತ್ತಲೇ ಸೂಜಿ ಎಳೆದುಕೊಂಡಿತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಇಷ್ಟು ವರ್ಷ ಸಿಗದವನು ಇಂದು ಸಿಕ್ಕೆ. ಈಗ ನಾನಿರುವುದು ನೇರಳೆ ಬಣ್ಣದ ಮುಚ್ಚಳವಿರುವ ಒಂದು ಗಾಜಿನ ನಳಿಗೆಯಲ್ಲಿ. ಇನ್ನೊಂದು ಗಂಟೆಗೆ ಯಂತ್ರ ನಮ್ಮನ್ನು ಎಣಿಸುತ್ತದೆ. ಚಿಲಕ ಇದ್ದವರನ್ನೆಲ್ಲ ಒಳ್ಳೆಯವರೆಂದು ಎಣಿಸುವ ಯಂತ್ರ ಅದು, ಒಳಗೆ ಕಳ್ಳನನ್ನು ಹೊತ್ತ ನನ್ನನ್ನೂ ಒಳ್ಳೆಯವರ ಪಂಕ್ತಿಯಲ್ಲಿ ಕೂರಿಸುತ್ತದೆ. ನಗಬೇಕೋ ಅಳಬೇಕೋ ತಿಳಿಯದು. ಆಮೇಲೆ ಮದ್ದು ಸುರಿದು, ಹಳದಿ ಚೀಲಕ್ಕೆ ಹಾಕಿ ಸುಡುತ್ತಾರೆ. ನನ್ನೊಂದಿಗೆ ನನ್ನೊಳಗಿನ ಪುಟವೂ ಸುಡುತ್ತದೆ. ಆದರೆ ನನ್ನಿಂದ ಸೀಳಿ ಬಂದವರು ಅವನ ಕುತ್ತಿಗೆಯಲ್ಲಿ ಇನ್ನೂ ಮಲಗಿದ್ದಾರೆ. ಅವನು ಬದುಕಿರುವವರೆಗೆ ಗುಳಿಗೆ ನುಂಗಬೇಕು. ನುಂಗಿದರೆ ಮುದುಕನಾಗಿ ಸಾಯುತ್ತಾನೆ, ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನ ಹತ್ತಿರ ಇಲ್ಲ.

ನನ್ನ ನಳಿಗೆಗೆ ತಾಗಿಕೊಂಡೇ ಇನ್ನೊಂದು ನಳಿಗೆ ನಿಂತಿದೆ. ನೀಲವ್ವ ಪ. ಜಾಲಿಹಾಳ ಎಂದು ಚೀಟಿ ಹಚ್ಚಿದ್ದಾರೆ. ಗಾಜಿನ ಆಚೆ ನನ್ನ ಪಂಗಡದ್ದೇ ಒಂದು ಕಣ, ಅದೇ ಚಿಲಕ. ಕೇಳಲು ಮನಸ್ಸು ಗಟ್ಟಿಯಾಗಲಿಲ್ಲ. ಕೊನೆಗೆ ಕೇಳಿದೆ.

“ನಿಮ್ಮ ಕಡೆ ಯಾರರ ಬಂದಿದ್ರೇನು? ಚಿಲಕಾ ಹಿಡದು?”

“ಇಲ್ಲ.”

“ನಿನಗ ಗೊತ್ತಾಗದ ಬಂದಿರಬಹುದು. ನಿನ್ನ ಪುಸ್ತಕಾ ನೋಡಿಕೋ. ಎಲ್ಲೆರ ಹೊಲಿಗಿ ಕಾಣತೈತೇನು?”

“ಇಲ್ಲ ಅಂದ್ನೆಲ್ಲ.”

“ನೀ ಒಬ್ಬ. ನಿನ್ನ ಮಾತ ನಾ ನಂಬೂದಿಲ್ಲ. ಉಳದವರನ್ನ ಕೇಳು. ಕರುಳ ಕಡೆಯಿಂದ ಬಂದವರನ್ನ ಕೇಳು, ಕಂಕುಳಾಗಿನವರನ್ನ ಕೇಳು, ಬಸರ ಸುತ್ತಿ ಬಂದವರನ್ನ ಕೇಳು.”

ಅದು ತಿರುಗಿ ಕೇಳಿತು. ನಳಿಗೆಯ ಮೇಲಿನಿಂದ ಕೆಳಗಿನವರೆಗೆ ಒಬ್ಬರು ಇನ್ನೊಬ್ಬರನ್ನು ಕೇಳುತ್ತ ಹೋದರು. ಕೆಂಪು ಕಣಗಳು ಮೆಲ್ಲಗೆ ತಳಕ್ಕೆ ಇಳಿಯುತ್ತಿದ್ದವು. ನಾನು ಗಾಜಿಗೆ ಮೈ ಒತ್ತಿ ಕಾಯುತ್ತಿದ್ದೆ. ಬಾಗಿಲಾಚೆ ಪರಪ್ಪನ ದನಿ ಕೇಳಿಸಿತು, ರಿಪೋರ್ಟ್ ಯಾವಾಗ ಸಿಗುತ್ತದೆ ಎಂದು ಯಾರನ್ನೋ ಕೇಳುತ್ತಿದ್ದ. ನಾಳೆ ಹನ್ನೊಂದಕ್ಕೆ ಬನ್ನಿ ಎಂದರು. ಇವತ್ತ ಆಗೂದಿಲ್ಲೇನ್ರಿ ಎಂದ.

ಗಾಜಿನಾಚೆಯ ಕಣ ಹಿಂತಿರುಗಿ ಬಂತು. ಅದಕ್ಕೂ ನನ್ನ ಮೇಲೆ ಸಾಕಷ್ಟು ಬೇಸರ ಬಂದಿತ್ತು.

“ಎಲ್ಲಾರನ್ನೂ ಕೇಳಿದೆ. ನಮ್ಮಲ್ಲಿ ಯಾರೂ ಬಂದಿಲ್ಲ. ಒಳಗ ಒಂದ ಕೂಸ ಐತಿ, ಅದು ಭಾಳ ಒದೀತೈತಿ ಅಂತ ಹೇಳಿ ಕಳಿಸ್ಯಾರ.”

ಪರಪ್ಪಾ, ಕೇಳೋ! ಇಲ್ಲಿ, ಈ ನೇರಳೆ ಮುಚ್ಚಳದ ಕೆಳಗೆ! ಎಂದು ನನ್ನ ಜನ್ಮದಲ್ಲಿ ಕೂಗದಷ್ಟು ಜೋರಾಗಿ ಕೂಗಿದೆ. ಬಾಗಿಲಾಚೆ ಅವನು ಬೆಂಚಿನ ಮೇಲೆ ಕುಳಿತ ಸದ್ದಾಯಿತು. ನೀಲವ್ವ ಅವನಿಗೆ ಏಳ್ರಿ ಮನೀಗೆ ಹೋಗೂಣು ಎಂದಳು. ಅವನು ಎದ್ದು ಅವಳ ಹಿಂದೆ ನಡೆದುಹೋದ, ನಾಳೆ ಹನ್ನೊಂದು ಗಂಟೆಯವರೆಗೆ ಹೆದರುತ್ತ ಕೂರಲು.